ಹಿಂದಿನ ಚಕ್ರ ಆಡಿದರೆ ಮೊದಲು ಬೇರಿಂಗ್ ಕೊಳ್ಳಬೇಡಿ

ಸಂಪಾದಕರಿಗೆ ನಮಸ್ಕಾರ,

ಪತ್ರಿಕೆಯಲ್ಲಿ ಹೊಸ ಕಾರುಗಳ ಬಗ್ಗೆ ಬರುವುದನ್ನೆಲ್ಲ ಓದುತ್ತೇನೆ. ಆದರೆ ನಮ್ಮ ಮನೆ ಮುಂದೆ ನಿಂತಿರುವುದು ಅಪ್ಪ 1984ರಲ್ಲಿ ಕೊಂಡ ಅಂಬಾಸಿಡರ್. ಮೊನ್ನೆ ಟೀ ಅಂಗಡಿ ಹತ್ತಿರ ಪರಿಚಯದವರೊಬ್ಬರು ಸಿಕ್ಕಿದ್ದರು, ಅವರದ್ದೂ ಅಂಬಾಸಿಡರ್ರೇ. ಹಿಂದಿನ ಚಕ್ರ ಆಡ್ತಾ ಇದೆ, ಆಕ್ಸಲ್ ಶಾಫ್ಟೇ (ಚಕ್ರವನ್ನು ತಿರುಗಿಸುವ ಸರಳು) ಬೆಂಡಾಗಿದೆ ಅಂತ ಮೆಕ್ಯಾನಿಕ್ ಹೇಳಿದ, ಗುಜರಿಯಲ್ಲಿ ಹುಡುಕೋಕೆ ಬೆಂಗಳೂರಿಗೆ ಹೊರಟಿದ್ದೀನಿ ಅಂದರು. "ಜಾಕಿ ಏರಿಸಿ ಚಕ್ರ ತಿರುಗಿಸಿ ನೋಡಿದ್ರಾ?" ಅಂತ ಕೇಳಿದೆ. ಇಲ್ಲವಂತೆ. ಅದಕ್ಕೇ ಈ ಪತ್ರ. ಎರಡು ವರ್ಷದ ಹಿಂದೆ ನಾನೂ ಹೀಗೇ ದುಡ್ಡು ಕಳೆದುಕೊಂಡವನು.

ನನ್ನ ಕಾರಿನಲ್ಲಿ ಶುರುವಾಗಿದ್ದು ನಂಜನಗೂಡಿನ ರಸ್ತೆಯಲ್ಲಿ. ಮುಂದಿನ ಚಕ್ರ ಆಡಿದರೆ ಸ್ಟೇರಿಂಗ್ ನಡುಗಿ ಕೈಗೆ ಗೊತ್ತಾಗುತ್ತದೆ, ಹಿಂದಿನದು ಆಡಿದರೆ ಸೊಂಟಕ್ಕೆ ಗೊತ್ತಾಗುತ್ತದೆ. ಐವತ್ತರ ವೇಗ ದಾಟಿದರೆ ಸೀಟು ಎಡಕ್ಕೂ ಬಲಕ್ಕೂ ತೂಗುತ್ತಿತ್ತು. ಹಿಂದೆ ಬರುತ್ತಿದ್ದ ಬೈಕಿನ ಹುಡುಗ ಪಕ್ಕಕ್ಕೆ ಬಂದು "ಅಂಕಲ್, ಎಡಗಡೆ ವೀಲು ಆಡ್ತಾ ಇದೆ" ಅಂತ ಕೂಗಿ ಹೋದ.

ಗ್ಯಾರೇಜಿನವರು ಮೊದಲು ಅಲೈನ್‌ಮೆಂಟ್ ಮಾಡಿಸಿ ಅಂದರು. ಅಂಬಾಸಿಡರ್ ಹಿಂಬದಿಯಲ್ಲಿ ಅಲೈನ್‌ಮೆಂಟ್ ಮಾಡೋಕೆ ಏನಿದೆ ಹೇಳಿ? ಶಾಫ್ಟುಗಳನ್ನು ಒಳಗಿಟ್ಟುಕೊಂಡ ಒಂದೇ ಗಟ್ಟಿ ಕೊಳವೆ, ಅಂದರೆ ಹೌಸಿಂಗ್, ಎರಡೂ ಕಡೆ ಪ್ಲೇಟ್ ಸ್ಪ್ರಿಂಗು, ಅದನ್ನು ಬಿಗಿಹಿಡಿದ ಯು ಬೋಲ್ಟು, ಅಷ್ಟೇ. ಯು ಬೋಲ್ಟ್ ಸಡಿಲವಾಗಿದೆಯಾ ಅಂತ ನೋಡಬಹುದಿತ್ತು, ಅದನ್ನೂ ನೋಡಲಿಲ್ಲ. ಆಮೇಲೆ ಬ್ಯಾಲೆನ್ಸಿಂಗ್. ಆಮೇಲೆ ಬೇರಿಂಗ್ ಹೋಗಿದೆ ಅಂದರು, ಹಾಕಿಸಿದೆ, ಆಯಿಲ್ ಸೀಲೂ ಹೊಸದು. ಗಾಡಿ ಹೊರಗೆ ತಂದರೆ ಅದೇ ಕುಣಿತ. ಮುಂದಿನ ಮಾತು ನಿಮಗೇ ಗೊತ್ತು, "ಹಾಗಾದ್ರೆ ಶಾಫ್ಟೇ ಸಾರ್".

ಆಗ ಸಿಟ್ಟು ಬಂದು ಮನೆಗೆ ತಂದು ನಾನೇ ಕೂತೆ. ಬೇರಿಂಗ್ ಸವೆದರೆ ಚಕ್ರದಲ್ಲಿ ಪ್ಲೇ ಬರುತ್ತದೆ, ಅಂದರೆ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಲಟಲಟ ಅನ್ನಬೇಕು. ಚಕ್ರ ಸೊಟ್ಟಗೆ ತಿರುಗುವುದು ಬೇರೆಯೇ ಕಾಯಿಲೆ. ಅಲ್ಲಿ ಪ್ಲೇ ಸ್ವಲ್ಪವೂ ಇಲ್ಲದೆ, ಬೇರಿಂಗ್ ಚೆನ್ನಾಗಿದ್ದೂ, ಚಕ್ರ ಸವೆದ ಬುಗುರಿ ಥರ ತಿರುಗಬಹುದು. ನನ್ನದರಲ್ಲಿ ಪ್ಲೇ ಇರಲೇ ಇಲ್ಲ. ಬಿಚ್ಚಿ ತಂದ ಹಳೇ ಬೇರಿಂಗನ್ನು ಕೈಯಲ್ಲಿ ತಿರುಗಿಸಿ ನೋಡಿದೆ, ಗರಗರ ಅನ್ನಲಿಲ್ಲ, ನೀಟಾಗಿತ್ತು. ಬಂಗಾಳದ ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಅಂಬಾಸಿಡರ್ ಮಾಡೋದನ್ನೇ ನಿಲ್ಲಿಸಿದೆ. ಇನ್ನೂ ಓಡುವ ಬೇರಿಂಗನ್ನು ಸುಮ್ನೆ ಬಿಚ್ಚಿ ಬಿಸಾಡುವ ಕಾಲವಾ ಇದು?

ಸರಿ, ಮುಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಟ್ಟೆ. ಹಿಂಬದಿ ಎತ್ತಿ, ಬರೀ ಜಾಕಿ ನಂಬದೆ ಹೌಸಿಂಗ್ ಕೆಳಗೆ ಎರಡು ಸ್ಟ್ಯಾಂಡ್ ಇಟ್ಟೆ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರವನ್ನೇ ಅಲ್ವಾ, ಅದನ್ನು ಬಿಡದೆ ಚಕ್ರ ತಿರುಗಲ್ಲ, ಅದಕ್ಕೇ ಮುಂದೆ ಕಲ್ಲು ಬೇಕೇ ಬೇಕು. ಅಳೆಯೋಕೆ ಡಯಲ್ ಗೇಜ್ ಇರಲಿಲ್ಲ. ಅಡುಗೆಮನೆಯಿಂದ ತುರಿಮಣೆ ತಂದೆ, ಅದರ ಕತ್ತಿಗೆ ಒಂದು ಪೆನ್ಸಿಲ್ ಕಟ್ಟಿ ಟೈರಿನ ಪಕ್ಕಕ್ಕೆ ತಾಗಿಯೂ ತಾಗದ ಹಾಗೆ ಇಟ್ಟೆ. (ಮನೆಯವರು ಏನಂದರು ಅನ್ನೋದು ಬೇಡ.) ಚಕ್ರ ನಿಧಾನವಾಗಿ ಒಂದು ಸುತ್ತು ತಿರುಗಿಸಿದರೆ ಒಂದು ಕಡೆ ಪೆನ್ಸಿಲ್ ಉಜ್ಜಿತು, ಎದುರು ಕಡೆ ಹತ್ತಿರ ಹತ್ತಿರ 4 ಮಿಲಿಮೀಟರ್ ಸಂದು.

ಎಡ ಬಲ ಚಕ್ರ ಅದಲು ಬದಲು ಮಾಡಿದೆ. ಇದು ಕಾಸಿಲ್ಲದ ಪರೀಕ್ಷೆ, ಇದನ್ನು ಒಬ್ಬರೂ ಮಾಡಿರಲಿಲ್ಲ. ಆಟ ಚಕ್ರದ ಜೊತೆ ಬಲಕ್ಕೆ ಹೋಗಿದ್ದರೆ ತಪ್ಪು ಡಿಸ್ಕಿನದೋ (ಟೈರು ಕೂರುವ ಕಬ್ಬಿಣದ ಚಕ್ರ) ಟೈರಿನದೋ ಆಗಿರುತ್ತಿತ್ತು. ಆಗ ಪೆನ್ಸಿಲನ್ನು ಡಿಸ್ಕಿನ ಅಂಚಿಗೆ ಹಿಡಿದರೆ ಎರಡರಲ್ಲಿ ಯಾವುದು ಅಂತಲೂ ತಿಳಿಯುತ್ತದೆ. ನನ್ನದು ಎಡಗಡೆಯೇ ಉಳಿಯಿತು. ಚಕ್ರ ತೆಗೆದೆ, ನಟ್ಟುಗಳನ್ನು ಉಲ್ಟಾ ಹಾಕಿ ಚಕ್ರದ ಹಿಂದಿರುವ ಬ್ರೇಕ್ ಡ್ರಮ್ಮನ್ನು ಬಿಗಿ ಮಾಡಿದೆ, ತುರಿಮಣೆ ಕೆಳಗೆ ಇಟ್ಟಿಗೆ ಪೇರಿಸಿ ಡ್ರಮ್ಮಿನ ಅಂಚು ನೋಡಿದೆ. ಅಲ್ಲೂ ಒಂದೂವರೆ ಮಿಲಿಮೀಟರ್ ಆಡುತ್ತಿತ್ತು. ಡ್ರಮ್ ತೆಗೆದು ಒಳಗಿನ ಫ್ಲೇಂಜಿಗೆ, ಅಂದರೆ ಡ್ರಮ್ ಕೂರುವ ಹಬ್ಬಿನ (ಚಕ್ರದ ನಡುವಿನ ಗುಂಬದ) ಚಪ್ಪಟೆ ಮುಖಕ್ಕೆ, ಪೆನ್ಸಿಲ್ ಹಿಡಿದೆ. ನೇರ! ಕೂದಲೆಳೆಯಷ್ಟೂ ಅಲುಗಲಿಲ್ಲ. ಅಂದರೆ ಶಾಫ್ಟೂ ಸರಿ, ಹಬ್ಬೂ ಸರಿ, ಬೇರಿಂಗಂತೂ ಎರಡು ಸಲ ಸರಿ.

ಡ್ರಮ್ಮನ್ನು ಮಗುಚಿ ನೋಡಿದರೆ ಹಬ್ಬಿಗೆ ಕೂರುವ ಜಾಗದಲ್ಲಿ ಉಣ್ಣೆ ಕಚ್ಚಿದ ಹಾಗೆ ತುಕ್ಕಿನ ಒಂದು ಚಕ್ಕೆ. ದಪ್ಪ ಒಂದು ಮಿಲಿಮೀಟರೂ ಇಲ್ಲ. ಆದರೆ ಅದು ಕೂತಿದ್ದು ನಡುವಿನಲ್ಲಿ, ಅಲ್ಲಿನ ಅಷ್ಟು ಸೊಟ್ಟ ಟೈರಿನ ಅಂಚಿಗೆ ಬರುವಾಗ ನಾಲ್ಕೈದು ಪಟ್ಟು ಆಗುತ್ತದೆ. ಸ್ಕ್ರೂಡ್ರೈವರಿನಲ್ಲಿ ಕೆರೆದೆ, ಎಮರಿ ಕಾಗದದಲ್ಲಿ ಉಜ್ಜಿದೆ, ಎರಡೂ ಮುಖ ಒರೆಸಿ ಜೋಡಿಸಿದೆ. ಖರ್ಚು ಎಮರಿ ಕಾಗದದ್ದು ಮಾತ್ರ.

ಆಮೇಲೆ ನೆನಪಾಯಿತು, ಚಕ್ರ ಆಡೋಕೆ ಶುರುವಾಗಿದ್ದು ಬ್ರೇಕ್ ಶೂ ಬದಲಾಯಿಸಿದ ವಾರವೇ. ಅಂದರೆ ಡ್ರಮ್ ಬಿಚ್ಚಿ ಹಾಕಿದ ವಾರ. ಬೇರಿಂಗ್ ಹಾಕುವಾಗ ಮತ್ತೆ ಅದೇ ಡ್ರಮ್ಮನ್ನು ಅದೇ ಚಕ್ಕೆ ಸಮೇತ ಕೂರಿಸಿದ್ದರು. "ಈಚೆಗೆ ಏನು ಬಿಚ್ಚಿದ್ರಿ?" ಅಂತ ಅವರು ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ತಪ್ಪು ನನ್ನದೂ ಇದೆ, ಬಿಲ್ ಮಾತ್ರ ನನ್ನೊಬ್ಬನದೇ!

ಹಾಗಂತ ಆಡುವ ಚಕ್ರ ಇಟ್ಟುಕೊಂಡು ಓಡಿಸಬೇಡಿ. ನಟ್ಟು ಸಡಿಲವಾಗಿದ್ದರೂ ಹೀಗೇ ಆಡುತ್ತದೆ, ಮೊದಲು ಅದನ್ನೇ ನೋಡಿ. ಪದ್ಮಿನಿ ಕಾರು ಇರುವವರು ಇನ್ನೂ ಹುಷಾರು. ಅದರಲ್ಲಿ ಹಿಂದಿನ ಚಕ್ರದ ಭಾರ ನೇರ ಶಾಫ್ಟಿನ ಮೇಲೆ, ಶಾಫ್ಟ್ ಮುರಿದರೆ ಚಕ್ರವೇ ಈಚೆ ಬರಬಹುದು. ಅಂಬಾಸಿಡರಿನಲ್ಲಿ ಹಬ್ಬನ್ನು ಹೊರುವ ಬೇರಿಂಗ್ ಹೌಸಿಂಗ್ ಮೇಲೆ ಕೂತಿರುವುದರಿಂದ ಅಷ್ಟು ಭಯವಿಲ್ಲ.

ಟೀ ಅಂಗಡಿಯವರ ಕಥೆ ಹೇಳಿಬಿಡುತ್ತೇನೆ. ಭಾನುವಾರ ಅವರ ಮನೆಗೆ ಹೋದೆ, ತುರಿಮಣೆ ಸಮೇತ. ಅವರ ಆಟ ಚಕ್ರದ ಜೊತೆಗೇ ಆಚೆ ಕಡೆ ಹೋಯಿತು. ಡಿಸ್ಕಿನ ಬೋಲ್ಟ್ ತೂತುಗಳು ಅಗಲವಾಗಿ ಮೊಟ್ಟೆ ಆಕಾರಕ್ಕೆ ಬಂದಿದ್ದವು, ಯಾವಾಗಲೋ ನಟ್ಟು ಸಡಿಲವಿದ್ದಾಗಲೇ ಓಡಿಸಿದ್ದಾರೆ. ಸದ್ಯಕ್ಕೆ ಸ್ಟೆಪ್ನಿ ಹಾಕಿ ಓಡಿಸುತ್ತಿದ್ದಾರೆ. ಗುಜರಿಗೆ ಈಗಲೂ ಹೋಗಬೇಕು, ಆದರೆ ಡಿಸ್ಕಿಗೆ, ಶಾಫ್ಟಿಗಲ್ಲ.

ನಿಮ್ಮ ವಾಹನ ಪುಟದಲ್ಲಿ ತಿಂಗಳಿಗೊಮ್ಮೆಯಾದರೂ ಇಂಥ ಹಳೇ ಗಾಡಿಗಳ ರಿಪೇರಿಗೆ ನಾಲ್ಕು ಸಾಲು ಜಾಗ ಕೊಡಿ. ಬರೆಯೋಕೆ ನಮ್ಮಂಥವರು ಬೇಕಾದಷ್ಟು ಜನ ಇದ್ದೇವೆ.

ಇತಿ,
ಅಂಬಾಸಿಡರ್ ಓಡಿಸುವ ಒಬ್ಬ ಓದುಗ
ಮೈಸೂರು