ಕೊಲೆಗಾರನನ್ನು ಹುಡುಕಲು ನಮ್ಮನ್ನೂ ಕರೆಯಿರಿ

ಮಾನ್ಯರೇ,

ಮಡಿಕೇರಿ ಹತ್ತಿರದ ಹೋಂಸ್ಟೇ ಒಂದರಲ್ಲಿ ಮೊನ್ನೆ ಚಿಕ್ಕ ನಾಟಕ ತಂಡವೊಂದು ರಾತ್ರಿ ಊಟದ ಜೊತೆ ಕೊಲೆ ರಹಸ್ಯದ ಆಟ ಆಡಿಸಿತು. ವೇದಿಕೆ, ಪರದೆ ಏನೂ ಇಲ್ಲ. ನಟರು ನಮ್ಮ ನಡುವೆಯೇ ಊಟಕ್ಕೆ ಕೂತಿರುತ್ತಾರೆ. ಒಬ್ಬರು ‘ಸಾಯುತ್ತಾರೆ’. ಉಳಿದವರನ್ನು ಪ್ರಶ್ನೆ ಕೇಳಿ ಕೊಲೆಗಾರ ಯಾರೆಂದು ನಾವೇ ಕಂಡುಹಿಡಿಯಬೇಕು. ನಮ್ಮ ಮೇಜಿನವರಿಗೆಲ್ಲ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಬಡಿಸುತ್ತಿದ್ದವನ ಮೇಲೇ ಅನುಮಾನ. ಆತ ಹೆಣವನ್ನು ದಾಟಿಕೊಂಡು ಬಂದು, ‘ಪಂದಿಕರಿ ಇನ್ನೊಂಚೂರು ಹಾಕ್ಲಾ?’ ಅಂತ ಕೇಳಿದ್ದು ನೋಡಬೇಕಿತ್ತು! ಅವನು ನಟನೋ, ನಿಜವಾಗಿ ಅಡುಗೆಯವನೋ, ಕೊನೆವರೆಗೂ ತಿಳಿಯಲಿಲ್ಲ.

ಬೇಸರ ಅಂದ್ರೆ ಮಾತೆಲ್ಲ ಇಂಗ್ಲಿಷಿನಲ್ಲೇ. ಬಂದವರೂ ಪ್ರವಾಸಿಗರೇ ಜಾಸ್ತಿ. 1906ರಲ್ಲೇ ಅಪ್ಪಚ್ಚ ಕವಿ ಕೊಡವ ಭಾಷೆಯಲ್ಲಿ ನಾಟಕ ಬರೆದ ನಾಡು ಇದು. ಕನ್ನಡದಲ್ಲೋ ಕೊಡವ ತಕ್ಕ್‌ನಲ್ಲೋ ಆಡಿದರೆ ಊರವರು ಬರೋದಿಲ್ವಾ? ಕೆದಕಿ ಕೆದಕಿ ವಿಷಯ ತೆಗೆಯೋದರಲ್ಲಿ ನಮ್ಮ ಅಜ್ಜಿಯಂದಿರನ್ನು ಯಾವ ಪತ್ತೇದಾರನೂ ಮೀರಿಸಲಾರ ಬಿಡಿ. ಕೊಡವ ಸಮಾಜಗಳ ಕಟ್ಟಡದಲ್ಲಿ ಅಡುಗೆಮನೆ, ಸಭಾಂಗಣ ಎರಡೂ ಇವೆ. ಮದುವೆ ಇಲ್ಲದ ದಿನ ಸುಮ್ನೆ ಬೀಗ ಹಾಕಿರುತ್ತದೆ. ನಾಟಿ ಮುಗಿದು, ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಬರುವ ಹೊತ್ತಿಗೆ, ಊರವರ ಕೈಗೆಟುಕುವ ದರದಲ್ಲಿ ಒಂದೆರಡು ಪ್ರದರ್ಶನಕ್ಕೆ ತಂಡದವರೂ ಸಮಾಜದವರೂ ಮಾತಾಡಿಕೊಳ್ಳಲಿ.

— ಒಬ್ಬ ಓದುಗ, ವಿರಾಜಪೇಟೆ