ಮಗಳಿಗೊಂದು ಪತ್ರ: ಶೆಡ್ಡಿನ ಬೈಕು ಇಟ್ಟುಕೊಳ್ಳುವುದೋ, ಮಾರುವುದೋ

ಪ್ರೀತಿಯ ಮಗಳೇ,

ಬೈಕು ಮಾರಲೋ ಬೇಡವೋ ಅಂತ ಕೇಳಿದ್ದೀಯ. ಬರೀ 6,800 ಕಿಲೋಮೀಟರ್ ಓಡಿದ ಗಾಡಿ, ಈಗ ಕೊಟ್ಟರೆ ನಷ್ಟವಲ್ಲವಾ ಅನ್ನುವುದು ನಿನ್ನ ಲೆಕ್ಕ. ಆ ಲೆಕ್ಕದಲ್ಲಿ ಇಸವಿ ಬಿಟ್ಟುಹೋಗಿದೆ. ಅದು 2018ರ ನವೆಂಬರಿನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಮೀಟರು ನಿಂತರೂ ರಬ್ಬರು, ಪೆಟ್ರೋಲು, ಬ್ಯಾಟರಿ, ಬ್ರೇಕ್ ಆಯಿಲ್ ಇವುಗಳಿಗೆ ವಯಸ್ಸಾಗುವುದು ನಿಲ್ಲುವುದಿಲ್ಲ. ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗಿನ ಗೋಡೆಯೂ ಒದ್ದೆಯಾಗಿರುವ ಮಡಿಕೇರಿಯಂಥ ಕಡೆ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿಗೆ ಒಯ್ದು ವಾರಕ್ಕೊಮ್ಮೆಯಾದರೂ ಓಡಿಸುವುದಾದರೆ ಇಟ್ಟುಕೋ, ಗಾಡಿ ಒಳ್ಳೆಯದು. ಹುತ್ತರಿಗೋ ಕೊಯ್ಲಿಗೋ ಊರಿಗೆ ಬಂದಾಗ ಮಾತ್ರ ಹತ್ತುವುದಾದರೆ ಈ ಮಳೆಗೆ ಮೊದಲೇ ಕೊಟ್ಟುಬಿಡು. ಕಡಿಮೆ ಓಡಿದೆ ಅನ್ನುವುದಕ್ಕೆ ಮಾರುವ ದಿನ ಮಾತ್ರ ಬೆಲೆ. ಶೆಡ್ಡಿನಲ್ಲಿ ಕೂತರೆ ಪ್ರತಿ ಮಳೆಗಾಲವೂ ಅದರಲ್ಲಿ ಒಂದಿಷ್ಟು ತಿಂದುಹಾಕುತ್ತದೆ.

ಇಡುವುದಾದರೂ ಮಾರುವುದಾದರೂ ಮೊದಲು ಅದನ್ನು ಸರಿಯಾಗಿ ಎಬ್ಬಿಸಬೇಕು. ಬಂದವಳೇ ಸೆಲ್ಫ್ ಒತ್ತಬೇಡ. ಸೈಲೆನ್ಸರ್ ಬಾಯಿಗೆ ಟಾರ್ಚ್ ಹಿಡಿದು ನೋಡು, ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ. ಏರ್ ಫಿಲ್ಟರ್ ಮುಚ್ಚಳ, ಸೀಟು ಎರಡೂ ಬಿಚ್ಚು. ಅಲ್ಲಿ ಇಲಿ ಬತ್ತದ ಹೊಟ್ಟು ತಂದು ಹಾಕಿದ್ದರೆ ಹತ್ತಿರದ ವೈರ್ ಕಡಿದಿದೆಯಾ ಅಂತ ಬೆರಳಾಡಿಸಿ ನೋಡು. ಕಡಿದ ವೈರಿಗೆ ಕರೆಂಟ್ ಬಿಟ್ಟರೆ ಫ್ಯೂಸ್ ಹೋಗುವುದು ಸಣ್ಣ ವಿಷಯ, ವೈರಿಂಗ್ ಸುಟ್ಟರೆ ದೊಡ್ಡ ಖರ್ಚು.

ಬ್ಯಾಟರಿಗೆ ಮಲ್ಟಿಮೀಟರ್ ಇಡು. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಇದೆ, 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಬಿಚ್ಚಿ ನಿಧಾನ ಚಾರ್ಜರ್‌ಗೆ ಹಾಕು. 14 ಆಂಪಿಯರ್-ಅವರ್ ಬ್ಯಾಟರಿಗೆ ಒಂದೂವರೆ ಆಂಪಿಯರ್ ಮೀರಬಾರದು. ತಿಂಗಳುಗಟ್ಟಲೆ 10 ವೋಲ್ಟ್ ಆಸುಪಾಸಿನಲ್ಲೇ ಬಿದ್ದಿದ್ದ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿರುತ್ತದೆ. ಚಾರ್ಜ್ ಆದಂತೆ ಕಂಡರೂ ಎರಡನೇ ಸೆಲ್ಫಿಗೆ ಮಲಗುತ್ತದೆ, ಅದಕ್ಕೆ ದುಡ್ಡು ಸುರಿಯಬೇಡ. ಎಂಜಿನ್ ಓಡುವಾಗ 14ರಿಂದ 14.5 ತೋರಿಸಿದರೆ ಚಾರ್ಜಿಂಗ್ ಸರಿಯಿದೆ.

ತೊಂದರೆಯ ಮೂಲ ಮುಕ್ಕಾಲು ಪಾಲು ಪೆಟ್ರೋಲಿನಲ್ಲಿ. ಈಗ ಬಂಕಿನಲ್ಲಿ ಸಿಗುವುದು ಶೇಕಡ 20 ಎಥನಾಲ್ ಬೆರೆತದ್ದು. ಎಥನಾಲ್ ಗಾಳಿಯ ತೇವ ಹೀರುತ್ತದೆ. ಹೆಚ್ಚಾದಾಗ ನೀರು, ಎಥನಾಲ್ ಎರಡೂ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ತುಕ್ಕು ಶುರುವಾಗುವುದು ಅಲ್ಲೇ. 2018ರ ಗಾಡಿಯ ಪೈಪು, ಓ-ರಿಂಗು, ಫ್ಲೋಟ್ ಸೂಜಿಯ ತುದಿ ಈ ಪೆಟ್ರೋಲಿಗಾಗಿ ಮಾಡಿದವಲ್ಲ. ಮುಚ್ಚಳ ತೆಗೆದು ಮೂಸು. ಹುಳಿ ವಾರ್ನಿಷ್ ವಾಸನೆ ಬಂದರೆ ಪೈಪು ಬಿಚ್ಚಿ ಪೂರ್ತಿ ಕ್ಯಾನಿಗೆ ಇಳಿಸು. ಆ ಪೆಟ್ರೋಲನ್ನು ಕಳೆ ಕತ್ತರಿಸುವ ಮೆಷಿನ್ನಿಗೆ ಸುರಿಯುವ ಚಪಲ ಬೇಡ, ಅದರ ಕಾರ್ಬುರೇಟರ್ ತೂತು ಇನ್ನೂ ಸಣ್ಣದು.

ಆಮೇಲೆ ಕಾರ್ಬುರೇಟರ್ ಬಟ್ಟಲಿನ ಡ್ರೈನ್ ಸ್ಕ್ರೂ ಸಡಿಲಿಸಿ ಇಳಿದದ್ದನ್ನು ಗಾಜಿನ ಲೋಟದಲ್ಲಿ ಹಿಡಿ. ತಳದಲ್ಲಿ ಮಣಿಮಣಿಯಾಗಿ ಬೇರೆ ನಿಂತದ್ದು ನೀರು, ಕಂದು ಪುಡಿ ಕಂಡರೆ ಟ್ಯಾಂಕಿನ ತುಕ್ಕು. ಚೋಕ್ ಎಳೆದರೆ ಸ್ಟಾರ್ಟ್ ಆಗಿ, ಚೋಕ್ ಬಿಟ್ಟ ಕೂಡಲೇ ಆಫ್ ಆದರೆ ಹೆಚ್ಚಾಗಿ ಪೈಲಟ್ ಜೆಟ್, ಅಂದರೆ ಐಡ್ಲಿಂಗಿಗೆ ಪೆಟ್ರೋಲು ಬಿಡುವ ಸಣ್ಣ ತೂತಿನ ತುಂಡು, ಕಟ್ಟಿದೆ ಅಂತ ಅರ್ಥ. ಬಿಚ್ಚಿ ಕಾರ್ಬ್ ಕ್ಲೀನರ್ ಹೊಡೆದು ಏರ್ ಹಾಕಿಸು. ತಂತಿ ಚುಚ್ಚುವ ಮೆಕ್ಯಾನಿಕ್‌ನ ಕೈ ಹಿಡಿದು ನಿಲ್ಲಿಸು. ಹಿತ್ತಾಳೆ ಜೆಟ್ಟಿನ ತೂತು ಒಂದು ಕೂದಲಷ್ಟು ಅಗಲವಾದರೂ ಐಡ್ಲಿಂಗ್ ಮತ್ತೆ ಹದಕ್ಕೆ ಬರುವುದಿಲ್ಲ.

ಸ್ಟಾರ್ಟ್ ಮಾಡುವ ಮುಂಚೆ ಸ್ಪಾರ್ಕ್ ಪ್ಲಗ್ ತೆಗೆದು ತೂತಿನೊಳಗೆ ಒಂದು ಚಮಚ, ಅಂದರೆ 5 ಎಂಎಲ್, ಎಂಜಿನ್ ಆಯಿಲ್ ಬಿಡು. ಇಗ್ನಿಷನ್ ಆಫ್ ಇಟ್ಟು ಕಿಕ್ಕರನ್ನು ಎಂಟು ಹತ್ತು ಸಲ ಮೆಲ್ಲಗೆ ತುಳಿ. ಒಣಗಿದ ಪಿಸ್ಟನ್ ರಿಂಗ್ ಸಿಲಿಂಡರನ್ನು ಗೀರುವುದು ತಪ್ಪುತ್ತದೆ. ಸ್ಟಾರ್ಟ್ ಆದಮೇಲೆ ಮೇಲಿಂದ ಟಿಕ್ ಟಿಕ್ ಸದ್ದು ಬಂದರೆ ಹೆದರಬೇಡ, ಈ ಎಂಜಿನ್ನಿನ ಟ್ಯಾಪೆಟ್ ಹೈಡ್ರಾಲಿಕ್, ಆಯಿಲ್ ತುಂಬಿಕೊಳ್ಳಲು ಸಮಯ ಬೇಕು. ಚೆನ್ನಾಗಿ ಬಿಸಿಯಾದ ಮೇಲೂ ನಿಲ್ಲದಿದ್ದರೆ ಮಾತ್ರ ಯೋಚನೆ ಮಾಡು. ಆಯಿಲ್ ತುಂಬುವ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ಅಂಟು ಕಂಡರೆ ತೇವ ಸೇರಿದೆ. ಗಾಡಿ ಬಿಸಿಯಿದ್ದಾಗಲೇ ಆಯಿಲ್ ಇಳಿಸಿ, ಫಿಲ್ಟರ್ ಸಮೇತ ಬದಲಿಸಿ 15ಡಬ್ಲ್ಯೂ-50 ಹಾಕಿಸು. ಕಿಲೋಮೀಟರ್ ಎಷ್ಟೇ ಇರಲಿ, ವರ್ಷಕ್ಕೊಮ್ಮೆ ಆಯಿಲ್ ಬದಲಾಗಲೇಬೇಕು.

ಫಸ್ಟ್ ಗೇರ್ ಹಾಕಿದೊಡನೆ ಕ್ಲಚ್ ಹಿಡಿದಿದ್ದರೂ ಗಾಡಿ ಮುಂದಕ್ಕೆ ಹಾರೀತು. ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿರುತ್ತವೆ. ಅದಕ್ಕೇ ಎಂಜಿನ್ ಆಫ್ ಇರುವಾಗ ಗೇರಿನಲ್ಲಿಟ್ಟು, ಕ್ಲಚ್ ಒತ್ತಿ, ಹಿಂದೆ ಮುಂದೆ ಅಲ್ಲಾಡಿಸಿ ಬಿಡಿಸಿಕೋ. ಅಂಗಳದಾಚೆ ಇಳಿಜಾರಿದೆ ಅನ್ನುವುದು ನೆನಪಿರಲಿ.

ಮುಂದಿನ ಚಕ್ರವನ್ನು ಎತ್ತಿ ತಿರುಗಿಸು. ಬ್ರೇಕ್ ಬಿಟ್ಟಮೇಲೂ ಉಜ್ಜುತ್ತಾ ನಿಂತರೆ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್ ಪಿಸ್ಟನ್ ಬಿಗಿದಿದೆ. ಬ್ರೇಕ್ ಆಯಿಲ್ ಕೂಡ ತೇವ ಹೀರುವಂಥದ್ದೇ, ಎರಡು ವರ್ಷಕ್ಕೊಮ್ಮೆ ಡಾಟ್-4 ಹೊಸದು ಹಾಕಬೇಕು. ಇಲ್ಲದಿದ್ದರೆ ಸಂಪಾಜೆ ಘಾಟಿ ಇಳಿಯುವಾಗ ಅದು ಕಾದು, ಒಳಗಿನ ನೀರು ಆವಿಯಾಗಿ, ಬ್ರೇಕ್ ಹಿಡಿಯದೆ ಲಿವರ್ ಹ್ಯಾಂಡಲಿಗೆ ತಾಗುತ್ತದೆ. ಫೋರ್ಕ್ ಪೈಪಿನ ಮೇಲೆ ಉಗುರು ಎಳೆದು ನೋಡು. ಉಗುರು ತಡೆದರೆ ಅಲ್ಲಿ ತುಕ್ಕಿನ ಗುಳಿಯಿದೆ, ಹೊಸ ಆಯಿಲ್ ಸೀಲ್ ಹಾಕಿದರೂ ಅದನ್ನೂ ಕೊಯ್ದುಹಾಕುತ್ತದೆ.

ಟೈರಿನ ಪಕ್ಕದಲ್ಲಿ DOT ಅಂತ ಶುರುವಾಗುವ ಅಕ್ಷರಗಳ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 3818 ಅಂದರೆ 2018ರ 38ನೇ ವಾರ. ಟೈರಿನ ಗೀರು ಆಳವಾಗಿದೆ, ಅಂಚಿನ ರಬ್ಬರ್ ಮುಳ್ಳು ಕೂಡ ಸವೆದಿಲ್ಲ ಅಂತ ಮೋಸ ಹೋಗಬೇಡ. ಅಷ್ಟು ಹಳೇ ರಬ್ಬರು ಗಟ್ಟಿಯಾಗಿ, ಒದ್ದೆ ರಸ್ತೆಯ ತಿರುವಿನಲ್ಲಿ ಹಿಡಿಯುವುದಿಲ್ಲ. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಏಬಿಎಸ್ ಕೂಡ ನಿನ್ನ ಗಾಡಿಗೆ ಇಲ್ಲ. ಇಟ್ಟುಕೊಳ್ಳುವುದಾದರೆ ಎರಡೂ ಟೈರು, ಟ್ಯೂಬು ಹೊಸದೇ ಆಗಬೇಕು, ಇದರಲ್ಲಿ ಚೌಕಾಸಿ ಇಲ್ಲ. ಟೈರು, ಬ್ಯಾಟರಿ, ಆಯಿಲ್, ಕಾರ್ಬುರೇಟರ್ ಕೆಲಸ ಎಲ್ಲ ಸೇರಿ ಹನ್ನೆರಡು ಸಾವಿರದ ಆಸುಪಾಸು ಕೈಯಲ್ಲಿಟ್ಟುಕೋ.

ಮಾರುವುದಾದರೆ ಇಷ್ಟೆಲ್ಲ ಬೇಡ. ಬ್ಯಾಟರಿ, ಪೆಟ್ರೋಲು, ಆಯಿಲ್, ಬ್ರೇಕ್ ಸಾಕು. ಟೈರಿನ ದುಡ್ಡು ಬೆಲೆಯಲ್ಲಿ ಬಿಟ್ಟುಕೊಡು, ಹಾಕಿಸಿ ಕೊಟ್ಟರೆ ಆ ಖರ್ಚು ವಾಪಸ್ ಬರುವುದಿಲ್ಲ.

ವಾರಕ್ಕೊಮ್ಮೆ ನಿಂತಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡಲಾ ಅಂತಲೂ ಕೇಳಿದ್ದೀಯ. ಬೇಡವೇ ಬೇಡ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಸುಟ್ಟ ಪೆಟ್ರೋಲಿನಿಂದ ಬಂದ ನೀರು ಆಯಿಲ್‌ನಲ್ಲೂ ಸೈಲೆನ್ಸರ್‌ನಲ್ಲೂ ಉಳಿಯುತ್ತದೆ. ಸೆಲ್ಫ್ ತಿಂದ ಚಾರ್ಜು ಐಡ್ಲಿಂಗಿನಲ್ಲಿ ತುಂಬುವುದೂ ಇಲ್ಲ. ಸುಂಟಿಕೊಪ್ಪಕ್ಕೆ ಹೋಗಿ ಬರುವಷ್ಟು, ಮೂವತ್ತು ಕಿಲೋಮೀಟರ್, ಹದಿನೈದು ದಿನಕ್ಕೊಮ್ಮೆ ಓಡಬೇಕು. ಓಡಿಸುವವರಿಲ್ಲದಿದ್ದರೆ ಕಾರ್ಬುರೇಟರ್ ಖಾಲಿ ಮಾಡಿ, ಬ್ಯಾಟರಿ ಬಿಚ್ಚಿ, ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸುವುದೇ ವಾಸಿ. ಕಾಫಿ ಒಣಗಿಸುವ ಟಾರ್ಪಲ್ ಹೊದಿಸಬೇಡ, ತೇವ ಒಳಗೇ ಉಳಿಯುತ್ತದೆ. ಹಳೇ ಹತ್ತಿ ಬೆಡ್‌ಶೀಟ್ ಮೇಲು. ಗೊಬ್ಬರದ ಮೂಟೆ ಪಕ್ಕವಂತೂ ಖಂಡಿತ ಬೇಡ. ಪೊಟ್ಯಾಷ್ ಅಂದರೆ ಕ್ಲೋರೈಡ್ ಉಪ್ಪು, ಅದರ ಧೂಳಿಗೆ ಮಳೆಗಾಲದ ಗಾಳಿ ಸೇರಿದರೆ ಚಕ್ರದ ಕಡ್ಡಿ, ರಿಮ್ಮು, ಚೈನು ಎಲ್ಲದಕ್ಕೂ ಒಂದೇ ಮಳೆಗಾಲದಲ್ಲಿ ಕೆಂಪು ಬರುತ್ತದೆ.

ಮಾರಾಟದ ಮಾತಿಗೆ ಬರೋಣ. 6,800 ಅನ್ನುವುದನ್ನು ಯಾರೂ ಬಾಯಿಮಾತಿಗೆ ನಂಬುವುದಿಲ್ಲ. ಸರ್ವೀಸ್ ಬಿಲ್ಲುಗಳನ್ನು ತಾರೀಕಿನ ಪ್ರಕಾರ ಜೋಡಿಸು. ಮೊದಲಿನ ಟೈರೇ ಇರುವುದು, ಫುಟ್‌ರೆಸ್ಟ್ ರಬ್ಬರಿನ ಗೆರೆ ಸವೆಯದಿರುವುದು, ಡಿಸ್ಕಿನ ಅಂಚಿನಲ್ಲಿ ಏಣು ಇಲ್ಲದಿರುವುದು, ಸ್ಪ್ರಾಕೆಟ್ ಹಲ್ಲು ಮೊನಚಾಗದಿರುವುದು, ಇವೇ ಸಾಕ್ಷಿ. 2019ರ ಆಗಸ್ಟ್‌ನಲ್ಲಿ ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದು ಎಲ್ಲರಿಗೂ ಗೊತ್ತು, ಕೊಡಗಿನ ಕೆಎ-12 ನಂಬರ್ ನೋಡಿದ ಹೊರಗಿನವರು ‘ಗಾಡಿ ನೀರಿಗೆ ಬಿದ್ದದ್ದಾ’ ಅಂತ ಕೇಳಿಯೇ ಕೇಳುತ್ತಾರೆ. ಹೆಡ್‌ಲೈಟ್ ಬಿಚ್ಚಿ ಒಳಗಿನ ಕನೆಕ್ಟರ್ ತೋರಿಸು. ಕೆಸರಿನ ಪದರ, ಹಸಿರು ಕಿಲುಬು ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಬೆಲೆ ಹೇಳುವಾಗ ಮೂರು ಕೊರತೆ ಲೆಕ್ಕಕ್ಕೆ ತಗೋ. ನೀನು ಎರಡನೇ ಓನರ್, ಕೊಳ್ಳುವವರು ಮೂರನೆಯವರಾಗುತ್ತಾರೆ. 125 ಸಿಸಿ ಮೀರಿದ ಹೊಸ ಗಾಡಿಗಳಿಗೆಲ್ಲ 2019ರ ಏಪ್ರಿಲ್‌ನಿಂದ ಏಬಿಎಸ್ ಕಡ್ಡಾಯ, ನಿನ್ನದು ಅದಕ್ಕೆ ಮುಂಚಿನದು. 2021ರಲ್ಲಿ ಇದೇ ಹೆಸರಿನಲ್ಲಿ ಪೂರ್ತಿ ಹೊಸ ಎಂಜಿನ್ನಿನ ಗಾಡಿ ಬಂದಿದೆ. ಇನ್ನೊಂದು ಕಡೆ, ರಿಜಿಸ್ಟ್ರೇಷನ್ 2033ರವರೆಗೆ ಇದೆ, ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿದೆ. ಹಳೇ ಎಂಜಿನ್ನಿನ ಸದ್ದೇ ಬೇಕು ಅನ್ನುವವರೂ ಇದ್ದಾರೆ, ಅಂಥವರು ಸಿಕ್ಕರೆ ಅವಸರಪಡಬೇಡ. ರೊಬಸ್ಟಾ ಕೊಯ್ಲು ಮುಗಿದು ಕಾಫಿ ದುಡ್ಡು ಕೈಗೆ ಬರುವ ಫೆಬ್ರವರಿ, ಮಾರ್ಚ್ ನಮ್ಮ ಕಡೆ ಮಾರಲು ಒಳ್ಳೆಯ ಕಾಲ. ಜೂನ್‌ನಲ್ಲಿ ಬೈಕು ಕೇಳಿಕೊಂಡು ಬರುವವರು ಕಡಿಮೆ, ಬಂದವರೂ ಅಗ್ಗಕ್ಕೆ ಕೇಳುತ್ತಾರೆ.

ಕಾಗದದ ವಿಷಯದಲ್ಲಿ ಮಾತ್ರ ಸಲಿಗೆ ಬೇಡ. ಹೊಸದಾಗಿ ಕೊಂಡಾಗ ಮಾಡಿಸಿದ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ 2023ಕ್ಕೇ ಮುಗಿದಿದೆ. ಆಮೇಲೆ ಕಟ್ಟಿದ್ದೀಯಾ ನೋಡು. 150ರಿಂದ 350 ಸಿಸಿಗೆ 2022ರಲ್ಲಿ ನಿಗದಿಯಾದ ದರ 1,366 ರೂಪಾಯಿ, ಜಿಎಸ್‌ಟಿ ಬೇರೆ. ಅದಿಲ್ಲದೆ ಟೆಸ್ಟ್ ರೈಡಿಗೂ ಯಾರಿಗೂ ಕೀ ಕೊಡಬೇಡ. ಎಮಿಷನ್ ಸರ್ಟಿಫಿಕೇಟ್, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಎರಡೂ ಬೇಕು. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಕೊಟ್ಟು ತೆಗೆಸು. ವರ್ಗಾವಣೆಗೆ ಫಾರಂ 29 ಮತ್ತು 30. ಕೊಳ್ಳುವವರು ಇರಿಟ್ಟಿ, ಮಾನಂದವಾಡಿ ಕಡೆಯವರಾದರೆ ಫಾರಂ 28ರ ಎನ್‌ಒಸಿ ಬೇಕು, ಕೇರಳದ ಟ್ಯಾಕ್ಸ್ ಅವರೇ ಕಟ್ಟಬೇಕು, ಅದನ್ನು ಮೊದಲೇ ಮಾತಾಡಿಕೋ.

‘ಫಾರಂಗೆ ಸೈನ್ ಹಾಕಿ ಕೊಡಿ ಅಕ್ಕಾ, ಆಮೇಲೆ ನಾವೇ ಮಾಡಿಸಿಕೊಳ್ಳುತ್ತೇವೆ’ ಅನ್ನುವವರಿಗೆ ಬೇಡ ಅಂತ ಹೇಳು. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರವೂ ಅವರ ತಲೆಗೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮಾರಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸುವುದು ಮಾರಿದವರ ಕರ್ತವ್ಯ. ಗಾಡಿ ಕೊಟ್ಟ ತಾರೀಕು, ಗಂಟೆ, ಮೀಟರ್ ರೀಡಿಂಗ್ ಬರೆದ ಡೆಲಿವರಿ ಚೀಟಿಗೆ ಅವರ ಸಹಿ ತಗೋ, ಲೈಸೆನ್ಸ್ ಮತ್ತು ಆಧಾರ್ ಪ್ರತಿ ಇಟ್ಟುಕೋ. ಆನ್‌ಲೈನಿನಲ್ಲಿ ಅವರ ಹೆಸರು ಬಂದದ್ದನ್ನು ನೋಡುವವರೆಗೆ ಕೊನೆಯ ಐದು ಸಾವಿರ ಬಾಕಿ ಇರಿಸಿಕೊಳ್ಳುತ್ತೇವೆ ಅಂತ ಅವರು ಕೇಳಿದರೆ ಒಪ್ಪು, ಆದರೆ ಅವರ ಜೊತೆ ಆರ್‌ಟಿಒಗೆ ನೀನೇ ಹೋಗು.

ಆರ್‌ಸಿ ಕಾರ್ಡ್ ನಿನ್ನ ಹತ್ತಿರ ಇದೆಯಾ, ಇಲ್ಲಿಯ ಬೀರುವಿನಲ್ಲಿದೆಯಾ ಅಂತ ಫೋನ್ ಮಾಡಿ ಹೇಳು. ಎರಡನೇ ಕೀ ಕೂಡ ಹುಡುಕಿಡು. ಅದಿಲ್ಲದಿದ್ದರೆ ಕೊಳ್ಳುವವರು ಬೆಲೆ ಇಳಿಸುತ್ತಾರೆ, ಇಟ್ಟುಕೊಂಡು ನಾಳೆ ಕಳುವಾದರೆ ಇನ್ಶೂರೆನ್ಸಿನವರೂ ಎರಡು ಕೀ ಕೇಳುತ್ತಾರೆ.

ನಿನ್ನ
ಅವ್ವ