ಡಿಪ್ಪರ್ ಕೊಟ್ಟರೂ ಕಣ್ಣಿಗೆ ಬಡಿಯುವ ಲೈಟು

ಮಾನ್ಯ ಸಂಪಾದಕರೇ,

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ, ಲೋಕಾಪುರ ಭಾಗದಲ್ಲಿ ರಾತ್ರಿ ಗಾಡಿ ಓಡಿಸುವುದು ಕಷ್ಟ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಮುಂದೆ ಹೊರಟಿರುತ್ತದೆ. ಎದುರಿಗೆ ಬರುವ ಕಾರಿನ ಲೈಟು ಕಣ್ಣಿಗೆ ಬಡಿದರೆ ಎರಡು ಮೂರು ಸೆಕೆಂಡು ಆ ಟ್ರೇಲರ್ ಕಾಣುವುದೇ ಇಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ದಾರಿ ಸವೆಯುತ್ತದೆ. ಡಿಪ್ಪರ್ ಕೊಡಲಿಲ್ಲವೆಂದು, ಅಂದರೆ ಲೈಟಿನ ಬೆಳಕನ್ನು ಕೆಳಕ್ಕೆ ಇಳಿಸಲಿಲ್ಲವೆಂದು, ಎದುರಿನವನನ್ನು ಬೈಯುತ್ತೇವೆ. ಆದರೆ ಬಹಳ ಸಲ ಅವನು ಡಿಪ್ಪರ್ ಕೊಟ್ಟೇ ಇರುತ್ತಾನೆ. ಅವನ ಡಿಪ್ಪರೇ ಮೇಲೆ ನೋಡುತ್ತಿರುತ್ತದೆ, ಅದು ಅವನಿಗೆ ಗೊತ್ತಿರುವುದಿಲ್ಲ.

ಗ್ಯಾರೇಜ್ ಭಾಷೆಯಲ್ಲಿ ಇದಕ್ಕೆ 'ಫೋಕಸ್ ಏರಿದೆ' ಎನ್ನುತ್ತಾರೆ. ಒಂದು ಗೋಡೆ, ಅಳತೆ ಟೇಪು, ಸ್ಕ್ರೂಡ್ರೈವರ್ ಇದ್ದರೆ ಅರ್ಧ ತಾಸಿನಲ್ಲಿ ಮನೆಯ ಮುಂದೆಯೇ ಇಳಿಸಬಹುದು. ಲೆಕ್ಕವೂ ಸರಳ. ಡಿಪ್ಪರಿನ ಬೆಳಕಿನ ಮೇಲಂಚು 10 ಮೀಟರ್ ದೂರಕ್ಕೆ 10 ಸೆಂ.ಮೀ. ಕೆಳಗಿಳಿಯಬೇಕು, ಅಂದರೆ ನೂರಕ್ಕೆ ಒಂದು. ಬಹುತೇಕ ಕಾರುಗಳಿಗೆ ಇದು 1ರಿಂದ 1.5ರೊಳಗೆ ಇರುತ್ತದೆ. ಬಾನೆಟ್ ಎತ್ತಿದರೆ ಲೈಟಿನ ಕವಚದ ಮೇಲೋ ಹತ್ತಿರದ ಚೀಟಿಯ ಮೇಲೋ ಪುಟ್ಟ ದೀಪದ ಚಿತ್ರದ ಪಕ್ಕ 1.0% ಅಥವಾ 1.2% ಎಂದು ಬರೆದಿರುವುದುಂಟು. ಬರೆದಿದ್ದರೆ ಅದನ್ನೇ ಪಾಲಿಸಬೇಕು.

ಸ್ಕ್ರೂ ಮುಟ್ಟುವ ಮೊದಲಿನ ತಯಾರಿಯಲ್ಲೇ ಹೆಚ್ಚು ಜನ ಎಡವುತ್ತಾರೆ. ನಾಲ್ಕೂ ಟೈರಿಗೆ ಸರಿಯಾದ ಗಾಳಿ ಇರಬೇಕು, ಡಿಕ್ಕಿ ಖಾಲಿ ಇರಬೇಕು, ಟ್ಯಾಂಕಿನಲ್ಲಿ ಅರ್ಧದಷ್ಟಾದರೂ ಎಣ್ಣೆ ಇರಬೇಕು. ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಬೇಕು. ಯಾರೂ ಇಲ್ಲದಿದ್ದರೆ 50 ಕೆ.ಜಿ.ಯ ಸಿಮೆಂಟ್ ಚೀಲದ ಮೇಲೆ 25 ಕೆ.ಜಿ.ಯ ಜೋಳದ ಚೀಲ ಇಟ್ಟರೆ ಸಾಕು. ಸ್ಟಿಯರಿಂಗ್ ಬಲಕ್ಕೆ ಡ್ಯಾಶ್‌ಬೋರ್ಡಿನಲ್ಲಿ 0, 1, 2, 3 ಎಂದು ಬರೆದ ಸಣ್ಣ ಚಕ್ರ ಇದ್ದರೆ ಅದು ಸೊನ್ನೆಯಲ್ಲಿರಲಿ. ನೆಲ ಸಮ ಇರುವುದಂತೂ ಎಲ್ಲಕ್ಕಿಂತ ಮುಖ್ಯ. ಕಣ್ಣಿಗೆ ಸಮ ಕಂಡ ಅಂಗಳ 5 ಮೀಟರಿನಲ್ಲಿ 5 ಸೆಂ.ಮೀ. ಇಳಿಜಾರಿದ್ದರೆ ಇಡೀ ಕೆಲಸ ಹಾಳು. ಗೌಂಡಿಗಳು ಬಳಸುವ ನೀರಿನ ಲೆವೆಲ್ ಪೈಪು ಹಿಡಿದು ನೋಡುವುದು ಒಳ್ಳೆಯದು.

ಮೊದಲು ಗಾಡಿಯನ್ನು ಗೋಡೆಗೆ ನೇರವಾಗಿ, ಒಂದು ಗೇಣು ಅಂತರಕ್ಕೆ ತಂದು ನಿಲ್ಲಿಸಿ. ಲೈಟಿನ ಗಾಜಿನ ಮೇಲೆ ಬಲ್ಬಿನ ನಡುಮಧ್ಯಕ್ಕೆ ಒಂದು ಚುಕ್ಕೆ ಅಥವಾ ಕೂಡುಗೆರೆ ಇರುತ್ತದೆ. ಅದರ ಎದುರಿಗೇ ಗೋಡೆಯ ಮೇಲೆ ಗುರುತು ಹಾಕಿ, ಎರಡೂ ಗುರುತುಗಳ ಮೇಲೆ ಒಂದೊಂದು ಲಂಬ ಪಟ್ಟಿ ಅಂಟಿಸಿ, ಎರಡನ್ನೂ ಸೇರಿಸಿ ಒಂದು ಅಡ್ಡ ಪಟ್ಟಿ ಎಳೆಯಿರಿ. ಇನ್ಸುಲೇಶನ್ ಟೇಪು ಸಾಕು. ಈಗ ಸ್ಟಿಯರಿಂಗ್ ಅಲುಗಿಸದೆ ಗಾಡಿಯನ್ನು ನೆಟ್ಟಗೆ ಹಿಂದಕ್ಕೆ ತಂದು ಲೈಟಿನಿಂದ ಗೋಡೆಗೆ ಸರಿಯಾಗಿ 5 ಮೀಟರ್ ಬಿಡಿ. ಮೊದಲ ಅಡ್ಡ ಪಟ್ಟಿಯಿಂದ 5 ಸೆಂ.ಮೀ. ಕೆಳಗೆ ಇನ್ನೊಂದು ಅಡ್ಡ ಪಟ್ಟಿ ಹಾಕಿ. 1.2 ಎಂದು ಬರೆದಿದ್ದರೆ 6 ಸೆಂ.ಮೀ.

ಕತ್ತಲಾದ ಮೇಲೆ ಬಾನೆಟನ್ನು ಎರಡು ಮೂರು ಸಲ ಒತ್ತಿ ಬಿಟ್ಟು, ಸ್ಪ್ರಿಂಗು ಕೂತ ಮೇಲೆ ಡಿಪ್ಪರ್ ಹಾಕಿ. ಒಂದು ಲೈಟಿನ ಮುಂದೆ ರಟ್ಟು ಅಡ್ಡ ನಿಲ್ಲಿಸಿ ಇನ್ನೊಂದನ್ನು ನೋಡಿ. ಬಟ್ಟೆ ಹೊದಿಸಿ ಬಿಡಬೇಡಿ, ಹ್ಯಾಲೊಜನ್ ಬಲ್ಬಿನ ಕಾವಿಗೆ ಪ್ಲಾಸ್ಟಿಕ್ ಗಾಜು ಕೆಡುತ್ತದೆ. ಗೋಡೆಯ ಮೇಲೆ ಬೆಳಕಿನ ಮೇಲಂಚು ಬಲಗಡೆ ಮಟ್ಟಸವಾಗಿ, ಎಡಗಡೆ ಓರೆಯಾಗಿ ಮೇಲೇರುತ್ತದೆ. ಎಡಕ್ಕೆ ನಡೆಯುವ ನಮ್ಮ ದೇಶದ ರಸ್ತೆಗೆಂದೇ ಹಾಗೆ ಮಾಡಿರುತ್ತಾರೆ: ಎದುರಿನವನ ಕಣ್ಣಿಗೆ ಬೀಳಬಾರದು, ಎಡ ಅಂಚಿನಲ್ಲಿ ನಡೆಯುವವನು ಮಾತ್ರ ಕಾಣಬೇಕು. ಬನದ ಹುಣ್ಣಿಮೆಗೆ ಸವದತ್ತಿಗೋ ಬಾದಾಮಿಯ ಬನಶಂಕರಿಗೋ, ಯುಗಾದಿ ಮುಂದೆ ಶ್ರೀಶೈಲಕ್ಕೋ ರಾತ್ರಿಯೆಲ್ಲ ನಡೆದು ಹೋಗುವವರನ್ನು ನಮಗೆ ತೋರಿಸಿಕೊಡುವುದು ಈ ಎಡದ ಓರೆ ಬೆಳಕೇ.

ಮಟ್ಟಸ ಅಂಚು ಕೆಳಗಿನ ಅಡ್ಡ ಪಟ್ಟಿಯ ಮೇಲೆ ಕೂರಬೇಕು. ಬೆಳಕು ಮುರಿದು ಮೇಲೇರುವ ಮೂಲೆ ಆಯಾ ಲೈಟಿನ ಲಂಬ ಪಟ್ಟಿಗೆ ಬರಬೇಕು. ಮೂಲೆ ಬಲಕ್ಕೆ ಸರಿದಿದ್ದರೆ ಓರೆ ಬೆಳಕು ನೇರ ಎದುರಿನವನ ಮುಖಕ್ಕೇ ಹೋಗುತ್ತದೆ, ಎತ್ತರ ಎಷ್ಟೇ ಸರಿಯಿದ್ದರೂ ಉಪಯೋಗವಿಲ್ಲ. ಲೈಟಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ಎರಡು ಸ್ಕ್ರೂ ಇರುತ್ತವೆ, ಒಂದು ಮೇಲೆ ಕೆಳಗೆ, ಒಂದು ಎಡ ಬಲ. ಕೆಲವಕ್ಕೆ ಸ್ಟಾರ್ ಸ್ಕ್ರೂಡ್ರೈವರ್ ಬೇಕು, ಕೆಲವಕ್ಕೆ ಸಣ್ಣ ಪಾನಾ. ಕಾಲು ಕಾಲು ಸುತ್ತಿನಂತೆ ತಿರುಗಿಸಿ ಪ್ರತಿ ಸಲ ಗೋಡೆ ನೋಡಿ. ಒಂದನ್ನು ತಿರುಗಿಸಿದರೆ ಇನ್ನೊಂದು ಸ್ವಲ್ಪ ಕದಲುತ್ತದೆ, ಆದ್ದರಿಂದ ಕೊನೆಗೆ ಎತ್ತರವನ್ನು ಮತ್ತೊಮ್ಮೆ ನೋಡಲೇಬೇಕು. ಸ್ಕ್ರೂ ಬಿಗಿಯಾದರೆ ಜೋರು ಮಾಡಬೇಡಿ, ಒಳಗಿನ ಹಲ್ಲು ಪ್ಲಾಸ್ಟಿಕ್ಕಿನದು. ಅಂಚು ಮಬ್ಬಾಗಿದ್ದರೆ ನಾಲ್ಕು ಹೆಜ್ಜೆ ಹಿಂದೆ ನಿಂತು ಕಣ್ಣು ಅರೆಮುಚ್ಚಿ ನೋಡಿ, ಬೆಳಕು ಒಮ್ಮೆಲೇ ಕಡಿಮೆಯಾಗುವ ಗೆರೆ ಸಿಗುತ್ತದೆ. ಎಚ್4 ಎಂಬ, ಎರಡು ತಂತಿಯ ಹ್ಯಾಲೊಜನ್ ಬಲ್ಬಿನ ಗಾಡಿಗೆ ಡಿಪ್ಪರ್ ಸರಿ ಮಾಡಿದರೆ ಅಪ್ಪರ್ (ದೂರಕ್ಕೆ ಬೀಳುವ ಬೆಳಕು) ತಾನಾಗಿಯೇ ಸರಿಹೋಗುತ್ತದೆ, ಎರಡೂ ಲೈಟಿನೊಳಗಿನ ಒಂದೇ ಕನ್ನಡಿಯಿಂದ ಬರುವುದರಿಂದ.

ಎಷ್ಟು ತಿರುಗಿಸಿದರೂ ಅಂಚು ಸಿಗದಿದ್ದರೆ ದೋಷ ಸ್ಕ್ರೂವಿನಲ್ಲಿಲ್ಲ. ಎಚ್4 ಬಲ್ಬಿನ ಡಿಪ್ಪರ್ ತಂತಿಯ ಕೆಳಗೆ ಪುಟ್ಟ ಲೋಹದ ಬಟ್ಟಲೊಂದು ಇರುತ್ತದೆ. ಅದು ಬೆಳಕನ್ನು ಕನ್ನಡಿಯ ಮೇಲರ್ಧಕ್ಕೆ ಮಾತ್ರ ಬಿಡುವುದರಿಂದಲೇ ಬೆಳಕು ಕೆಳಕ್ಕೆ ಇಳಿಯುವುದು. ಬಲ್ಬಿನ ಮೂರು ಕಿವಿಗಳು ತಮ್ಮ ಕಚ್ಚಿನಲ್ಲಿ ಕೂರದೆ ಓರೆಯಾಗಿದ್ದರೆ ಈ ಲೆಕ್ಕವೆಲ್ಲ ತಪ್ಪುತ್ತದೆ. ಬಲ್ಬು ತೆಗೆದು, ಗಾಜು ಬೆರಳಿಗೆ ತಾಗದಂತೆ ಮತ್ತೆ ಕೂರಿಸಿ ಸ್ಪ್ರಿಂಗ್ ತಂತಿ ಹಾಕಿ ನೋಡಬೇಕು. ಬಾನೆಟ್ ತಟ್ಟಿದಾಗ ಗೋಡೆಯ ಮೇಲಿನ ಬೆಳಕು ಕುಣಿದರೆ ಒಳಗಿನ ಗುಂಡು ಕೀಲು ಕಳಚಿದೆ ಅಥವಾ ಹಿಂದೆಂದೋ ಗುದ್ದಿದಾಗ ಲೈಟಿನ ಕಾಲು ಮುರಿದಿದೆ. ಮುರಿದ ಕಾಲಿಗೆ ಗೋಂದು ಹಚ್ಚಿ ಫೋಕಸ್ ಮಾಡಿದರೆ ಮುಂದಿನ ಹಂಪಿನವರೆಗೆ ಮಾತ್ರ ನಿಲ್ಲುತ್ತದೆ.

ಈಗ ಎಲ್ಲ ಕಡೆ ಕಾಣುವ ದೋಷವೆಂದರೆ ಹ್ಯಾಲೊಜನ್ ಲೈಟಿಗೆ ಹಾಕಿದ ಎಲ್‌ಇಡಿ ಬಲ್ಬು. ಕನ್ನಡಿಯನ್ನು ಮಾಡಿರುವುದು ಇಂಥ ಜಾಗದಲ್ಲಿ ಇಷ್ಟು ಉದ್ದದ ತಂತಿ ಉರಿಯುತ್ತದೆಂಬ ಲೆಕ್ಕದ ಮೇಲೆ. ಎಲ್‌ಇಡಿ ಚಿಪ್ಪು ಆ ಜಾಗಕ್ಕೆ, ಆ ಆಕಾರಕ್ಕೆ ಕೂರುವುದಿಲ್ಲ, ಬೆಳಕು ಎಲ್ಲೆಂದರಲ್ಲಿ ಚೆಲ್ಲುತ್ತದೆ. ಬಂಪರ್ ಮುಂದೆ ಹಾಲು ಚೆಲ್ಲಿದಂತೆ ಬೆಳ್ಳಗೆ ಕಾಣುವುದರಿಂದ ಒಳಗೆ ಕೂತವನಿಗೆ ಸಮಾಧಾನ, ಆದರೆ ದೂರದ ಬೆಳಕು ಹೆಚ್ಚಾಗಿರುವುದಿಲ್ಲ. ಫೋಕಸ್ ಮಾಡಿ ಇದನ್ನು ಸರಿಪಡಿಸಲಾಗದು, 60/55 ವ್ಯಾಟಿನ ಮೂಲ ಬಲ್ಬನ್ನೇ ಮತ್ತೆ ಹಾಕಬೇಕು. 100/90 ವ್ಯಾಟಿನ ಬಲ್ಬು ಹಾಕಿದರೆ ಹೋಲ್ಡರ್ ಕರಗುತ್ತದೆ, ಕನ್ನಡಿ ಕಂದುತ್ತದೆ. ಗಾಜು ಹಳದಿಯಾಗಿದ್ದರೂ ಬೆಳಕು ಚೆಲ್ಲುತ್ತದೆ. 1000, 2000, 3000 ನಂಬರಿನ ವಾಟರ್ ಪೇಪರಿನಿಂದ ಕ್ರಮವಾಗಿ ಉಜ್ಜಿ, ಪಾಲಿಶ್ ಮಾಡಿ, ಬಿಸಿಲು ತಡೆಯುವ ಕ್ಲಿಯರ್ ಕೋಟ್ ಹೊಡೆಯಬೇಕು. ಕೋಟ್ ಬಿಟ್ಟರೆ ನಮ್ಮ ಕಡೆಯ ಬಿಸಿಲಿಗೆ ಬೇಗ ಮತ್ತೆ ಹಳದಿಯಾಗುತ್ತದೆ.

ಎಲ್ಲ ಸರಿ ಮಾಡಿದ ಗಾಡಿಯೂ ಜಾತ್ರೆಯ ದಿನ ಕಣ್ಣಿಗೆ ಹೊಡೆಯುವುದು ಯಾಕೆ? ಮುಂದಿನ ಹಿಂದಿನ ಗಾಲಿಗಳ ನಡುವೆ 2.5 ಮೀಟರ್ ಇರುವ ಕಾರಿನ ಹಿಂಭಾಗ ಬರೀ 2.5 ಸೆಂ.ಮೀ. ಕುಸಿದರೆ ನಾವು ಇಳಿಸಿದ ನೂರಕ್ಕೆ ಒಂದು ಪೂರ್ತಿ ಹೋಗಿಬಿಡುತ್ತದೆ. 5 ಸೆಂ.ಮೀ. ಕುಸಿದರೆ, ನೆಲದಿಂದ 65 ಸೆಂ.ಮೀ. ಎತ್ತರದ ಲೈಟಿನ ಅಂಚು 50 ಮೀಟರಿನಲ್ಲಿ 115 ಸೆಂ.ಮೀ.ಗೆ ಏರುತ್ತದೆ. ಎದುರಿನ ಕಾರಿನವನ ಕಣ್ಣು ಇರುವುದು ಹೆಚ್ಚುಕಡಿಮೆ ಅಲ್ಲೇ. ಡ್ಯಾಶ್‌ಬೋರ್ಡಿನ ಆ ಚಕ್ರ ಇರುವುದು ಇದಕ್ಕಾಗಿಯೇ. ಹಿಂದಿನ ಸೀಟು ತುಂಬಿ ಡಿಕ್ಕಿಯಲ್ಲಿ ಬುತ್ತಿ, ಕೊಡ, ಹಾಸಿಗೆ ಹೇರಿದಾಗ 2ಕ್ಕೋ 3ಕ್ಕೋ ತಿರುಗಿಸಬೇಕು, ಖಾಲಿಯಾದ ಮೇಲೆ ಸೊನ್ನೆಗೆ ತರಬೇಕು. ಯಾವ ಭಾರಕ್ಕೆ ಯಾವ ಅಂಕಿ ಎಂದು ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯ ನಿಯಮವು ಇದನ್ನೇ ಹೇಳುತ್ತದೆ. ಲೈಟಿನಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, 1.5 ಮೀಟರ್ ಎತ್ತರದಲ್ಲಿ ಕಣ್ಣಿಟ್ಟವನಿಗೆ ಇಳಿಸಿದ ಬೆಳಕು ಕುಕ್ಕಬಾರದು. ಇದನ್ನು ಯಾರಾದರೂ ನಿಂತು ನೋಡಬಹುದು. ಆದರೆ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಇರುವುದರಿಂದ ಅಲ್ಲಿಯವರೆಗೆ ಅದರ ಲೈಟನ್ನು ಅಳೆದು ನೋಡಲೇಬೇಕೆಂಬ ಸಂದರ್ಭ ಬರುವುದೇ ಇಲ್ಲ.

ಆದ್ದರಿಂದ ಸಕ್ಕರೆ ಕಾರ್ಖಾನೆಗಳವರಲ್ಲಿ ಒಂದು ವಿನಂತಿ. ಟ್ರ್ಯಾಕ್ಟರಿನವರು ನಿಮ್ಮ ಯಾರ್ಡಿನಲ್ಲಿ ಪಾಳಿ ಹಚ್ಚಿ ತಾಸುಗಟ್ಟಲೆ ಕಾಯುತ್ತಾರೆ. ಅಲ್ಲಿಯೇ ಒಂದು ಗೋಡೆಗೆ ಸುಣ್ಣ ಬಳಿದು, ನೆಲದಿಂದ ಪ್ರತಿ 5 ಸೆಂ.ಮೀ.ಗೆ ಒಂದರಂತೆ ಕಪ್ಪು ಅಡ್ಡಗೆರೆ ಎಳೆಸಿ, ಮುಂದಿನ ನೆಲವನ್ನು ಕಾಂಕ್ರೀಟಿನಿಂದ ಸಮ ಮಾಡಿ 5 ಮತ್ತು 8 ಮೀಟರಿಗೆ ಗುರುತು ಹಾಕಿಸಿರಿ. ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಹಿಂದಕ್ಕೆ ಮುಖ ಮಾಡಿದ ಬಿಳಿ ಲೈಟು ಹೊಲದ ಕೆಲಸಕ್ಕೆ ಇರುವುದು. ಖಾಲಿ ಟ್ರೇಲರಿನೊಂದಿಗೆ ಮರಳುವಾಗ ಅದು ಉರಿಯುತ್ತಿದ್ದರೆ ಹಿಂದಿನವನಿಗೆ ಏನೂ ಕಾಣುವುದಿಲ್ಲ. ಗೇಟಿನಲ್ಲಿ ಅದನ್ನು ಆರಿಸಿಯೇ ಬಿಡಬೇಕು. ಪೆಟ್ರೋಲ್ ಬಂಕಿನವರು ಗಾಳಿ ಹಿಡಿಯುವ ಮೂಲೆಯಲ್ಲಿ ಇಂಥದೇ ಗೆರೆ ಎಳೆಸಿದರೆ ಕಾರು, ಬೈಕಿನವರಿಗೂ ಆಗುತ್ತದೆ. ಬೈಕಿನವರು ಹಿಂದೆ ಒಬ್ಬರನ್ನು ಕೂರಿಸಿಕೊಂಡೇ ನೋಡಬೇಕು.

— ವಾಹನ ದುರಸ್ತಿ ಕಸುಬಿನವರು, ಜಮಖಂಡಿ